ಕಿವಿ ಮಂದವಾದವರು ಸ್ಪೆಷಲಿಸ್ಟ್ ಮುಂದೆ ಕೂತಾಗ: ಗೂಗಲ್‌ನ ‘ಲೈವ್ ಟ್ರಾನ್ಸ್‌ಕ್ರೈಬ್’ ಕನ್ನಡದಲ್ಲಿ ಎಷ್ಟು ಕೈಹಿಡಿಯುತ್ತದೆ?

ವಯಸ್ಸಾದ ಮೇಲೆ ಕಿವಿ ಮಂದವಾಗುವಾಗ ದನಿ ಕೇಳಿಸುತ್ತಲೇ ಇರುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಆ, ಓ, ಊ ಮುಂತಾದ ಸ್ವರಗಳು ದಪ್ಪ ದನಿಯವು, ಬಹಳ ಕಾಲ ಕಿವಿಗೆ ಬೀಳುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಸದ್ದು ಸಣ್ಣದು, ಚೂಪಾದದ್ದು. ಮೊದಲು ಕಳಚಿಕೊಳ್ಳುವುದೇ ಅವು. ಹಾಗಾಗಿ ಇಂಥವರು ಡಾಕ್ಟರು ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಎದ್ದು ಬರುತ್ತಾರೆ. ಮನೆಯಲ್ಲಿ ‘ಏನಂದ್ರು?’ ಅಂತ ಕೇಳಿದರೆ ‘ಎಲ್ಲಾ ಸರಿ ಇದೆ ಅಂದ್ರು’ ಎಂಬ ಒಂದೇ ಉತ್ತರ. ಮಗನೋ ಮಗಳೋ ಜೊತೆಗೆ ಹೋಗಿದ್ದರೆ ಇನ್ನೊಂದು ಸಂಕಟ. ಎರಡನೇ ಪ್ರಶ್ನೆಯಿಂದಲೇ ಡಾಕ್ಟರು ಆ ಕಡೆ ತಿರುಗಿಬಿಡುತ್ತಾರೆ: ‘ಇವರು ರಾತ್ರಿ ಎಷ್ಟು ಸಲ ಎದ್ದೇಳ್ತಾರೆ?’ ಉತ್ತರ ಗೊತ್ತಿರುವ ಒಬ್ಬರೇ ಒಬ್ಬರು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಾರೆ.

ಈ ವಿಮರ್ಶೆ ಆ ಕುರ್ಚಿಯಲ್ಲಿ ಕೂತವರಿಗಾಗಿ. ‘ಲೈವ್ ಟ್ರಾನ್ಸ್‌ಕ್ರೈಬ್’ ಎಂಬುದು ಗೂಗಲ್ 2019ರ ಫೆಬ್ರವರಿಯಲ್ಲಿ ಹೊರತಂದ ಉಚಿತ ಆ್ಯಪ್. ಎದುರಿಗಿರುವವರು ಮಾತಾಡಿದ್ದನ್ನು ಆಗಿಂದಾಗಲೇ ಅಕ್ಷರ ಮಾಡಿ ಪರದೆಯ ಮೇಲೆ ತೋರಿಸುತ್ತದೆ. ಬಾಲ್ಯದಲ್ಲೇ ಶ್ರವಣ ಕಳೆದುಕೊಂಡ ವಿಜ್ಞಾನಿ ದಿಮಿತ್ರಿ ಕನೆವ್‌ಸ್ಕಿ ಇದರ ಹಿಂದೆ ಇದ್ದವರಲ್ಲಿ ಮುಖ್ಯರು. ಕಿವುಡರ ಉನ್ನತ ಶಿಕ್ಷಣಕ್ಕೆಂದೇ ಇರುವ ವಾಷಿಂಗ್ಟನ್ನಿನ ಗ್ಯಾಲಡೆಟ್ ವಿಶ್ವವಿದ್ಯಾಲಯವೂ ಕೈಜೋಡಿಸಿತ್ತು. ಅಗತ್ಯ ಇದ್ದವರೇ ಕೂತು ಮಾಡಿದ್ದು ಎನ್ನುವುದು ಬಳಸುವಾಗ ಗೊತ್ತಾಗುತ್ತದೆ. ಜಾಹೀರಾತು ಅಡ್ಡ ಬರುವುದಿಲ್ಲ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದು, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆಂಡ್ರಾಯ್ಡ್ ಫೋನಿಗೆ ಮಾತ್ರ. ಐಫೋನಿಗೆ ಈ ಆ್ಯಪ್ ಇಲ್ಲ. ಇದು ಅನುವಾದದ ಆ್ಯಪ್ ಅಲ್ಲ ಅನ್ನುವುದೂ ನೆನಪಿರಲಿ. ಡಾಕ್ಟರು ಹಿಂದಿಯಲ್ಲಿ ಮಾತಾಡಿದರೆ ಅದು ಕನ್ನಡವಾಗಿ ಬರುವುದಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಡಾಕ್ಟರು ಏನು ಕೇಳುತ್ತಿದ್ದಾರೆ, ಏನನ್ನು ವಿವರಿಸುತ್ತಿದ್ದಾರೆ ಎಂದು ರೋಗಿಗೇ ನೇರವಾಗಿ ತಿಳಿಯುವುದಕ್ಕೆ ಇದಕ್ಕಿಂತ ಸುಲಭದ ಬಿಟ್ಟಿ ಸಾಧನ ಕನ್ನಡಿಗರ ಕೈಗೆ ಸಿಗುವುದು ಕಷ್ಟ. ಆದರೆ ಔಷಧದ ಹೆಸರು, ಪ್ರಮಾಣ, ಮತ್ತು ಬೇಕು-ಬೇಡ ಈ ಮೂರನ್ನು ಪರದೆ ನೋಡಿ ನಂಬಬಾರದು. ಅವು ಕಾಗದದ ಮೇಲೇ ಬರಬೇಕು. ಇಷ್ಟು ಒಪ್ಪಿಕೊಂಡು ಬಳಸಿದರೆ ಆ್ಯಪ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಯಾರಿಗೆ ಒಗ್ಗುತ್ತದೆ

ಕನ್ನಡ ಸರಾಗವಾಗಿ ಓದುವವರಿಗೆ. ಪರೀಕ್ಷೆ ಸುಲಭ: ಅಂದಿನ ದಿನಪತ್ರಿಕೆ ಕೊಟ್ಟು ಒಂದು ಸುದ್ದಿಯನ್ನು ಮನಸ್ಸಿನಲ್ಲೇ ಓದಲು ಹೇಳಿ, ಅರ್ಥ ಕೇಳಿ. ತಡವರಿಸದೆ ಓದಿದರೆ ಆ್ಯಪ್ ಒಗ್ಗುತ್ತದೆ. ಅಕ್ಷರ ಕೂಡಿಸಿ ಕೂಡಿಸಿ ಓದುವವರಿಗೆ ಡಾಕ್ಟರ ಮಾತಿನ ವೇಗ ಹಿಡಿಯಲಾಗದು, ಇನ್ನಷ್ಟು ಗಾಬರಿಯಾಗುತ್ತದೆ. ಕಣ್ಣಿನ ಪೊರೆ ಬಂದವರಿಗೂ ಇದೇ ಮಾತು. ಓದುವ ಕನ್ನಡಕ ಮನೆಯಲ್ಲಿ ಬಿಟ್ಟು ಬಂದರೆ ಎಂಥ ಆ್ಯಪ್ ಇದ್ದೂ ಉಪಯೋಗವಿಲ್ಲ. ಹುಟ್ಟಿನಿಂದ ಕಿವುಡಾಗಿ ಸಂಜ್ಞಾ ಭಾಷೆಯಲ್ಲೇ ಬೆಳೆದವರಿಗೆ ಬರಹದ ಕನ್ನಡ ಎರಡನೇ ಭಾಷೆ. ಅವರಿಗೆ ಬೇಕಾದದ್ದು ಸಂಜ್ಞಾ ಭಾಷೆಯ ದುಭಾಷಿ. ಈ ಆ್ಯಪ್ ಅದಕ್ಕೆ ಬದಲಿಯಾಗದು.

ಹಿಯರಿಂಗ್ ಏಡ್ ಹಾಕಿದವರಿಗೆ ಇದು ಬೇಡ ಅಂದುಕೊಳ್ಳಬೇಡಿ. ಏಡ್ ದನಿಯನ್ನು ಏರಿಸುತ್ತದೆ, ಆದರೆ ಒಳಗಿವಿಯಲ್ಲಿ ಹಾಳಾದ ಸ್ಪಷ್ಟತೆಯನ್ನು ಪೂರ್ತಿ ಮರಳಿ ಕೊಡಲಾರದು. ಏಡ್ ಮತ್ತು ಪರದೆ ಎರಡೂ ಒಟ್ಟಿಗಿದ್ದಾಗ ಕಿವಿಗೆ ಅರ್ಧ ಬಿದ್ದ ಮಾತನ್ನು ಕಣ್ಣು ತುಂಬಿಕೊಳ್ಳುತ್ತದೆ. ಈ ಆ್ಯಪಿನಿಂದ ಅತಿ ಹೆಚ್ಚು ಲಾಭ ಇವರಿಗೇ.

ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮೊದಲ ಸಲ ಆ್ಯಪ್ ತೆರೆಯುವುದು ಬೇಡ. ಕನಿಷ್ಠ ಮೂರು ದಿನ ಮುಂಚೆ ಹಾಕಿ, ದಿನಾ ಹತ್ತು ನಿಮಿಷ ಮನೆಯವರ ಜೊತೆ ಮಾತಾಡಿ ಅಭ್ಯಾಸ ಮಾಡಿಸಿ. ಪ್ಲೇ ಸ್ಟೋರಿನಲ್ಲಿ ಹೆಸರು ಹುಡುಕಿದರೆ ಸಿಗುತ್ತದೆ. ಕೆಲವು ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಮೊದಲೇ ಇರುತ್ತದೆ. ಮೈಕ್ರೋಫೋನ್ ಅನುಮತಿ ಕೇಳುತ್ತದೆ, ಕೊಡಬೇಕು. ಮೊದಲ ಭಾಷೆ ಕನ್ನಡ, ಎರಡನೇ ಭಾಷೆ ಭಾರತದ ಇಂಗ್ಲಿಷ್ ಎಂದು ಆರಿಸಿಟ್ಟರೆ ಒಂದು ಒತ್ತಿನಲ್ಲಿ ಅದಲುಬದಲು ಮಾಡಬಹುದು. ಅಕ್ಷರದ ಗಾತ್ರವನ್ನು ಒಂದು ತೋಳಿನಷ್ಟು ದೂರದಿಂದ ಕನ್ನಡಕ ಹಾಕಿ ಓದಲಾಗುವಷ್ಟು ಏರಿಸಿ. ತೀರಾ ದೊಡ್ಡದು ಮಾಡಿದರೆ ಪರದೆಯಲ್ಲಿ ಮೂರು ಪದ ಮಾತ್ರ ನಿಲ್ಲುತ್ತವೆ, ಮಾತು ಓಡಿಹೋಗುತ್ತದೆ; ಒಂದು ಸಾಲಿಗೆ ನಾಲ್ಕೈದು ಪದ ಹಿಡಿಯುವ ಗಾತ್ರ ಹದವಾದದ್ದು.

ಜನ ಗಮನಿಸದ ಒಂದು ಸವಲತ್ತು ಇದರಲ್ಲಿದೆ: ನಮಗೆ ಬೇಕಾದ ಪದಗಳನ್ನು ಸೇರಿಸುವ ಪಟ್ಟಿ. ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಹೆಸರು (ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್, ಕ್ಲೊಪಿಡೊಗ್ರೆಲ್, ಯಾವುದಿದೆಯೋ ಅದು), ಡಾಕ್ಟರ ಹೆಸರು, ಕಾಯಿಲೆಯ ಹೆಸರು ಇವನ್ನು ಅಲ್ಲಿ ಹಾಕಿಡಿ. ಆ ಪದಗಳನ್ನು ಗುರುತಿಸುವ ಸಾಧ್ಯತೆ ಹೆಚ್ಚುತ್ತದೆ. ಖಾತರಿ ಏನಲ್ಲ. ಇನ್ನೊಂದು, ರೋಗಿಯ ಹೆಸರನ್ನು ಯಾರಾದರೂ ಕರೆದರೆ ಫೋನ್ ಕಂಪಿಸುವಂತೆ ಮಾಡಬಹುದು. ಓಪಿಡಿಯಲ್ಲಿ ನರ್ಸ್ ಬಾಗಿಲಿಂದ ಹೆಸರು ಕೂಗಿ, ಉತ್ತರ ಬರದಿದ್ದರೆ ಮುಂದಿನವರನ್ನು ಕರೆಯುವುದು ಎಲ್ಲ ಕಡೆ ನಡೆಯುವಂಥದ್ದೇ. ಆದರೆ ಗದ್ದಲದ ಹಾಲ್‌ನಲ್ಲಿ ದೂರದ ಕೂಗನ್ನು ಫೋನ್ ಹಿಡಿಯದೆಯೂ ಹೋಗಬಹುದು. ಕೌಂಟರಿನಲ್ಲಿ ‘ಕಿವಿ ಕೇಳಿಸುವುದಿಲ್ಲ, ನಮ್ಮ ಸರದಿ ಬಂದಾಗ ಕೈ ಮಾಡಿ’ ಎಂದು ಬರೆದ ಚೀಟಿ ಕೊಟ್ಟು, ಬಾಗಿಲು ಕಾಣುವ ಕುರ್ಚಿಯಲ್ಲಿ ಕೂರುವುದೇ ಇಲ್ಲಿ ಒಳ್ಳೆಯ ಉಪಾಯ.

ನೆಟ್ ವಿಷಯ. ಮಾತನ್ನು ಅಕ್ಷರ ಮಾಡುವ ಕೆಲಸ ಮುಖ್ಯವಾಗಿ ಗೂಗಲ್ ಸರ್ವರಿನಲ್ಲಿ ನಡೆಯುತ್ತದೆ. ನೆಟ್ ಇಲ್ಲದೆ ನಡೆಯುವ ವ್ಯವಸ್ಥೆ ಎಲ್ಲ ಭಾಷೆಗೂ ಇಲ್ಲ. ಕನ್ನಡಕ್ಕೆ ನೆಟ್ ಬೇಕೇ ಬೇಕು ಎಂದುಕೊಂಡೇ ಹೊರಡಿ. ಸ್ಕ್ಯಾನಿಂಗ್ ವಿಭಾಗಗಳು ಬಹಳ ಕಡೆ ನೆಲಮಾಳಿಗೆಯಲ್ಲಿರುತ್ತವೆ, ಕನ್ಸಲ್ಟೇಶನ್ ಕೋಣೆಗಳು ಕಟ್ಟಡದ ಒಳಮೈಯಲ್ಲಿರುತ್ತವೆ. ಸಿಗ್ನಲ್ ಸೊರಗಿದಾಗ ಅಕ್ಷರ ನಿಂತು ನಿಂತು ಬರುತ್ತದೆ, ಆಮೇಲೆ ಪೂರ್ತಿ ನಿಲ್ಲುತ್ತದೆ. ಒಳಗೆ ಹೋಗುವ ಮೊದಲು ಕಾರಿಡಾರಿನಲ್ಲೇ ಒಂದು ವಾಕ್ಯ ಹೇಳಿ ನೋಡಿ. ಜೊತೆಗಿರುವವರ ಸಿಮ್ ಬೇರೆ ಕಂಪನಿಯದಾದರೆ ಅವರ ಫೋನಿಂದ ಹಾಟ್‌ಸ್ಪಾಟ್ ಕೊಡಬಹುದು. ಬರುವ ಕರೆಗಳು ಅಡ್ಡಬರದಂತೆ ‘ಡು ನಾಟ್ ಡಿಸ್ಟರ್ಬ್’ ಹಾಕಿ. ಪರದೆ ಇಡೀ ಹೊತ್ತು ಉರಿಯುತ್ತಿರುತ್ತದೆ. ಓಪಿಡಿಯಲ್ಲಿ ಮೂರು ತಾಸು ಕಾಯಬೇಕಾಗಬಹುದು, ಪವರ್ ಬ್ಯಾಂಕ್ ಜೊತೆಗಿರಲಿ.

ಮೈಕ್: ಎಲ್ಲ ನಿಂತಿರುವುದು ಇಲ್ಲೇ

‘ಹಾಕಿ ನೋಡಿದ್ವಿ, ಏನೇನೋ ಬರೆಯುತ್ತೆ’ ಎನ್ನುವವರಲ್ಲಿ ಹೆಚ್ಚಿನವರು ಮೈಕಿನಲ್ಲಿ ಎಡವಿರುತ್ತಾರೆ. ಫೋನಿನ ಮುಖ್ಯ ಮೈಕ್ ಸಾಮಾನ್ಯವಾಗಿ ಕೆಳಗಂಚಿನಲ್ಲಿ, ಚಾರ್ಜರ್ ಚುಚ್ಚುವ ತೂತಿನ ಪಕ್ಕದಲ್ಲಿರುತ್ತದೆ, ಗುಂಡುಸೂಜಿ ತಲೆಯಷ್ಟು. ರೋಗಿ ಫೋನನ್ನು ಓದಲು ಸರಿಯಾಗಿ ಹಿಡಿದರೆ ಆ ಅಂಚು ರೋಗಿಯ ಹೊಟ್ಟೆಯ ಕಡೆಗೆ ಇರುತ್ತದೆ, ಡಾಕ್ಟರ ಕಡೆಗಲ್ಲ. ಅಂಚನ್ನು ಡಾಕ್ಟರ ಕಡೆ ತಿರುಗಿಸಿದರೆ ಅಕ್ಷರ ತಲೆಕೆಳಗು. ಮಧ್ಯದ ದಾರಿ ಒಂದಿದೆ: ಫೋನಿನ ಆಟೋ-ರೊಟೇಟ್ ಆನ್ ಮಾಡಿ, ಫೋನನ್ನು ಅಡ್ಡಲಾಗಿ ಸಣ್ಣ ಸ್ಟ್ಯಾಂಡಿನ ಮೇಲೆ ಮೇಜಿನ ಅಂಚಿಗಿಡಿ. ಆಗ ಮೈಕ್ ಪಕ್ಕಕ್ಕೆ ಬರುತ್ತದೆ, ಡಾಕ್ಟರು ಕೂತಿರುವ ಬದಿಗೆ ಆ ಪಕ್ಕ ಬರುವಂತೆ ಇಟ್ಟರಾಯಿತು. ಫೋನಿನ ಕವರ್ ಆ ತೂತನ್ನು ಮುಚ್ಚಿದೆಯೇ, ಧೂಳು ಸೇರಿಕೊಂಡಿದೆಯೇ ನೋಡಿ. ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಒರೆಸಿ. ಸೂಜಿ ಹಾಕಬಾರದು.

ಇನ್ನೂ ಚೆನ್ನಾಗಿ ಬರಬೇಕೆಂದರೆ ತಂತಿಯ ಕಾಲರ್ ಮೈಕ್ ತೆಗೆದುಕೊಳ್ಳಿ. ಕೆಲವು ನೂರು ರೂಪಾಯಿಯ ಸಾಮಾನು. ಕೊಳ್ಳುವಾಗ 3.5 ಮಿಲಿಮೀಟರ್ ಪಿನ್ನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ: ಲೋಹದ ಮೇಲೆ ಕಪ್ಪು ಉಂಗುರ ಮೂರು ಇದ್ದರೆ ಫೋನಿಗೆ ಆಗುತ್ತದೆ, ಎರಡೇ ಇದ್ದರೆ ಅದು ಕ್ಯಾಮೆರಾ, ರೆಕಾರ್ಡರುಗಳಿಗೆ ಮಾಡಿದ್ದು, ಫೋನ್ ಅದನ್ನು ಮೈಕ್ ಎಂದು ಗುರುತಿಸುವುದಿಲ್ಲ. ಫೋನಿನಲ್ಲಿ ದುಂಡನೆಯ ತೂತೇ ಇಲ್ಲದಿದ್ದರೆ ನೇರ ಟೈಪ್-ಸಿ ಮೈಕನ್ನೇ ಕೊಳ್ಳಿ. ಅಗ್ಗದ ಪರಿವರ್ತಕಗಳು ಒಂದು ಫೋನಿಗಾದರೆ ಇನ್ನೊಂದಕ್ಕಾಗುವುದಿಲ್ಲ. ಕೈಗೆ ಬೇರೇನೂ ಸಿಗದಿದ್ದರೆ ಮೈಕ್ ಇರುವ ತಂತಿಯ ಇಯರ್‌ಫೋನೂ ಸಾಕು, ಅದರ ಸಣ್ಣ ಗುಂಡಿಯ ಭಾಗವನ್ನು ಡಾಕ್ಟರ ಮುಂದೆ ಮೇಜಿನ ಮೇಲಿಟ್ಟರಾಯಿತು. ಮಾತಾಡುವವರಿಗೂ ಮೈಕಿಗೂ ಇರುವ ಅಂತರ ಅರ್ಧವಾದರೆ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ, ಮೇಲೆ ತಿರುಗುವ ಫ್ಯಾನಿನ ಸದ್ದು ಇದ್ದಷ್ಟೇ ಇರುತ್ತದೆ. ಲಾಭವೆಲ್ಲ ಈ ಲೆಕ್ಕದಲ್ಲಿದೆ. ಮೈಕ್ ಡಾಕ್ಟರ ಬಾಯಿಂದ ಎರಡು ಅಡಿಯೊಳಗೆ ಇರಲಿ. ಆಗದಿದ್ದರೆ ಫ್ಯಾನ್ ನಿಧಾನ ಮಾಡಲು ಕೇಳಿಕೊಳ್ಳಿ, ಕಾರಿಡಾರಿನ ಬಾಗಿಲು ಮುಚ್ಚಿ.

ಪರದೆಯಲ್ಲಿ ಒಂದರೊಳಗೊಂದು ಎರಡು ವೃತ್ತಗಳು ಕಾಣುತ್ತವೆ. ಒಂದು ಕೋಣೆಯ ಗದ್ದಲ, ಇನ್ನೊಂದು ಮಾತಿನ ದನಿ. ಮಾತಾಡುವಾಗ ಎರಡರ ನಡುವೆ ಚೆನ್ನಾಗಿ ಅಂತರ ಕಂಡರೆ ಸರಿ. ಎರಡೂ ಅಂಟಿಕೊಂಡೇ ಇದ್ದರೆ ಅಕ್ಷರ ತಪ್ಪಾಗಿಯೇ ಬರುತ್ತದೆ. ಓದುತ್ತಾ ಕೂರುವ ಮೊದಲು ಮೈಕನ್ನು ಹತ್ತಿರ ಸರಿಸಿ. ಬ್ಲೂಟೂತ್ ಇಯರ್‌ಫೋನ್ ಜೋಡಿಯಾಗಿದ್ದರೆ ಮೈಕ್ ಅದರದ್ದೇ ಆಗಿಬಿಡಬಹುದು. ಬ್ಯಾಗಿನೊಳಗಿರುವ ಇಯರ್‌ಫೋನ್ ಡಾಕ್ಟರ ಮಾತು ಹೇಗೆ ಕೇಳಿಸಿಕೊಂಡೀತು? ಯಾವ ಮೈಕ್ ಬಳಕೆಯಲ್ಲಿದೆ ಎಂದು ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ.

ಡಾಕ್ಟರ ಕೋಣೆಯೊಳಗೆ

ಮೊದಲ ಅರ್ಧ ನಿಮಿಷದಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ. ಮೇಜಿನ ಮೇಲೆ ಮೈಕ್ ಕಂಡ ಕೂಡಲೇ ಡಾಕ್ಟರಿಗೆ ರೆಕಾರ್ಡಿಂಗ್ ಎಂಬ ಅನುಮಾನ ಬರುವುದು ಸಹಜ, ಮಾತು ಬಿಗಿಯಾಗುತ್ತದೆ. ಅದಕ್ಕೆ ಒಂದು ರಟ್ಟಿನ ಮೇಲೆ ಹೀಗೆ ಬರೆದುಕೊಂಡು ಹೋಗಿ, ಕೂರುವ ಮುಂಚೆ ಕೊಡಿ: ‘ಡಾಕ್ಟರೇ, ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ತಾವು ಹೇಳಿದ್ದು ಈ ಫೋನಿನಲ್ಲಿ ಅಕ್ಷರವಾಗಿ ಬರುತ್ತದೆ, ಅದನ್ನು ಓದಿ ಉತ್ತರ ಕೊಡುತ್ತೇನೆ. ದನಿಯನ್ನು ರೆಕಾರ್ಡ್ ಮಾಡುತ್ತಿಲ್ಲ. ದಯವಿಟ್ಟು ನನ್ನ ಕಡೆ ನೋಡಿ, ಒಂದೊಂದೇ ವಾಕ್ಯ ಹೇಳಿ. ಮಾತ್ರೆಯ ಹೆಸರು, ಎಷ್ಟು, ಯಾವಾಗ ಎಂಬುದನ್ನು ಬರೆದುಕೊಡಿ.’ ಅದೇ ವಾಕ್ಯಗಳನ್ನು ಇಂಗ್ಲಿಷಿನಲ್ಲೂ ಹಿಂಬದಿಗೆ ಬರೆಸಿಡಿ. ಕನ್ನಡ ಓದಲು ಬಾರದ ಸ್ಪೆಷಲಿಸ್ಟರೂ ಇರುತ್ತಾರೆ. ಚೀಟಿಯ ಮಾತು ಸುಳ್ಳಾಗಬಾರದು. ಅಕ್ಷರಗಳನ್ನು ಉಳಿಸಿಕೊಳ್ಳುವ ಆಯ್ಕೆ ಆನ್ ಮಾಡಿದ್ದರೆ ‘ಬರಹ ಮೂರು ದಿನ ನನ್ನ ಫೋನಿನಲ್ಲಿರುತ್ತದೆ’ ಎಂದೂ ಸೇರಿಸಿ, ಡಾಕ್ಟರು ಬೇಡ ಎಂದರೆ ಆಫ್ ಮಾಡಿ.

ಮಾಸ್ಕ್ ಇದ್ದರೆ ತೊಂದರೆ ಎರಡು ಪಟ್ಟು. ತುಟಿ ಕಾಣುವುದಿಲ್ಲ, ಮೊದಲೇ ಸಣ್ಣದಾದ ವ್ಯಂಜನದ ಸದ್ದು ಬಟ್ಟೆಯಲ್ಲಿ ಇನ್ನಷ್ಟು ಅಡಗುತ್ತದೆ. ಮಾಸ್ಕ್ ತೆಗೆಯಿರಿ ಎನ್ನುವುದು ಎಲ್ಲೆಡೆ ಸರಿಯಾಗದು. ಮೈಕನ್ನು ಇನ್ನೂ ಹತ್ತಿರ ಇಡುವುದೇ ದಾರಿ. ಕಿರುಚುವುದರಿಂದ ಲಾಭವಿಲ್ಲ, ಕಿರುಚಿದ ಮಾತಿನ ಆಕಾರವೇ ಕೆಡುತ್ತದೆ, ಕಿವಿಗೂ ಆ್ಯಪಿಗೂ.

ಜೊತೆಗೆ ಬಂದವರು ನಡುವೆ ಬಾಯಿ ಹಾಕಬಾರದು. ಇಬ್ಬರು ಒಟ್ಟಿಗೆ ಮಾತಾಡಿದರೆ ಪರದೆಯಲ್ಲಿ ಎಲ್ಲ ಕಲಸಿಹೋಗಿ, ಡಾಕ್ಟರ ಪ್ರಶ್ನೆ ಯಾವುದು ಮಗಳ ಉತ್ತರ ಯಾವುದು ಗೊತ್ತಾಗುವುದಿಲ್ಲ. ಮಗಳು ರೋಗಿಯ ಹಿಂಬದಿಗೆ ಕೂತು ಅದೇ ಪರದೆಯನ್ನು ನೋಡುತ್ತಿದ್ದರೆ ಇನ್ನೂ ಒಳ್ಳೆಯದು. ತಪ್ಪು ಕಂಡ ಕೂಡಲೇ ಕೈಯೆತ್ತಬಹುದು, ಡಾಕ್ಟರ ಕಣ್ಣು ಮಾತ್ರ ರೋಗಿಯ ಮೇಲೆಯೇ ಇರುತ್ತದೆ.

ಅಕ್ಷರ ಮೂಡುವ ಕ್ರಮವನ್ನೂ ತಿಳಿದಿರಬೇಕು. ಮೊದಲು ಬಂದ ಪದ ಕ್ಷಣದಲ್ಲೇ ಬದಲಾಗುತ್ತದೆ, ಮುಂದಿನ ಪದ ಕೇಳಿದ ಮೇಲೆ ಆ್ಯಪ್ ಹಿಂದಿನದನ್ನು ತಿದ್ದುತ್ತದೆ. ಸಾಲು ನಿಂತ ಮೇಲೆ ಓದಬೇಕು. ಅಭ್ಯಾಸ ಇಲ್ಲದವರು ಮೊದಲ ರೂಪವನ್ನೇ ಓದಿ ಉತ್ತರ ಕೊಟ್ಟುಬಿಡುತ್ತಾರೆ.

ಕನ್ನಡದಲ್ಲಿ ಎಲ್ಲೆಲ್ಲಿ ಕೈಕೊಡುತ್ತದೆ

ನಮ್ಮ ಭಾಷೆಯಲ್ಲಿ ಅಪಾಯ ಇರುವುದು ಪದದ ಬಾಲದಲ್ಲಿ. ‘ತಗೋಬೇಕು’, ‘ತಗೋಬೇಡಿ’: ಇಡೀ ಅರ್ಥ ಕೊನೆಯ ಅಕ್ಷರದ ಮೇಲೆ ನಿಂತಿದೆ, ಡಾಕ್ಟರ ದನಿ ಇಳಿಯುವುದೂ ವಾಕ್ಯದ ಕೊನೆಯಲ್ಲೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಲ್ಲು ಕೀಳಿಸಲೋ ಎಂಡೋಸ್ಕೋಪಿಗೋ ಹೋಗುತ್ತಾರೆ ಎಂದುಕೊಳ್ಳಿ. ‘ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಡಿ’ ಎಂಬುದು ‘ನಿಲ್ಲಿಸಬೇಕು’ ಆದರೆ ಜೀವಕ್ಕೇ ಕುತ್ತು. ಧಾರವಾಡದ ಕಡೆಯ ‘ತೊಗೋಬ್ಯಾಡ್ರಿ’, ‘ತೊಗೋಬೇಕ್ರಿ’ ಬಾಯಲ್ಲಿ ಇನ್ನೂ ಹತ್ತಿರದವು. ಡಾಕ್ಟರನ್ನು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಬೇಕು-ಬೇಡವನ್ನು ಬಾಲದಲ್ಲಿ ಬಿಡದೆ ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳಿ. ‘ನಿಲ್ಲಿಸಬೇಡಿ. ದಿನಾ ತಗೊಳ್ತಾನೇ ಇರಿ.’ ಎರಡರಲ್ಲಿ ಒಂದು ತಪ್ಪಾದರೂ ಇನ್ನೊಂದು ಎಚ್ಚರಿಸುತ್ತದೆ.

ಇನ್ನೊಂದು ತೊಡಕು ಕನ್ನಡಕ್ಕೇ ವಿಶೇಷವಾದದ್ದು. ಡಾಕ್ಟರುಗಳ ಬಾಯಲ್ಲಿ ದಿನಕ್ಕೆರಡು ಸಲ ಎಂಬುದಕ್ಕೆ ಬಿ.ಡಿ., ದಿನಕ್ಕೊಂದು ಸಲ ಎಂಬುದಕ್ಕೆ ಓ.ಡಿ. ಎನ್ನುವುದು ರೂಢಿ. ಇವು ಕನ್ನಡ ಲಿಪಿಯಲ್ಲಿ ಚುಕ್ಕಿಯಿಲ್ಲದೆ ಬಂದರೆ ‘ಬಿಡಿ’, ‘ಓಡಿ’. ‘ಈ ಮಾತ್ರೆ ಬಿಡಿ’ ಎಂದು ಪರದೆಯಲ್ಲಿ ಕಂಡ ರೋಗಿ ಆ ಮಾತ್ರೆಯನ್ನು ಬಿಟ್ಟೇ ಬಿಡಬಹುದು. ಡಾಕ್ಟರು ಹೇಳಿದ್ದು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು. ಇಂಥ ಸಂಕ್ಷೇಪಗಳನ್ನು ನರ್ಸಿಗೆ ಹೇಳುವಾಗಲೂ ಮೈಕ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ‘ಬಿಡಿ’ ಎಂದು ಕಂಡಾಗಲೆಲ್ಲ ಕೇಳಲೇಬೇಕು: ‘ನಿಲ್ಲಿಸಬೇಕಾ, ಎರಡು ಹೊತ್ತಾ?’

ಅಂಕಿಗಳನ್ನು ನಂಬಲೇಬಾರದು. ಇಂಗ್ಲಿಷಿನ ಫಿಫ್ಟೀನ್ (ಹದಿನೈದು), ಫಿಫ್ಟಿ (ಐವತ್ತು) ಒಂದಕ್ಕೊಂದು ಅದಲುಬದಲಾಗಬಹುದು. ‘ಪಾಯಿಂಟ್ ಫೈವ್’ನಲ್ಲಿ ಮೊದಲ ಪದ ನುಂಗಿಹೋದರೆ ಅರ್ಧ ಮಿಲಿಗ್ರಾಂ ಐದಾಗುತ್ತದೆ. ಇನ್ಸುಲಿನ್ ಯೂನಿಟ್ಟಿನಲ್ಲಿ ಇಂಥ ತಪ್ಪಾದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಎರಡು ವಾರ, ಎರಡು ಹೊತ್ತು, ಎರಡು ದಿನಕ್ಕೊಮ್ಮೆ, ಇವೂ ಹಾಗೆಯೇ. ಹೆಸರಿನಲ್ಲಿ ಹೋಲುವ ಔಷಧಗಳೂ ಉಂಟು: ಗ್ಲಿಪಿಜೈಡ್, ಗ್ಲಿಮೆಪಿರೈಡ್ ಎರಡೂ ಸಕ್ಕರೆ ಕಾಯಿಲೆಯವೇ, ಪ್ರಮಾಣ ಬೇರೆ. ಔಷಧವನ್ನು ಜೆನೆರಿಕ್ ಹೆಸರಿನಲ್ಲಿ (ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಔಷಧದ ಹೆಸರು), ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತ್ತು. ಬರೆದುಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕನ್ನಡ-ಇಂಗ್ಲಿಷ್ ಬೆರಕೆಯ ಬಗ್ಗೆ ಜನರಿಗೆ ಹೆಚ್ಚು ಭಯ, ಅದು ಅಷ್ಟೇನೂ ಕಷ್ಟವಲ್ಲ. ಬಿಪಿ, ಶುಗರ್, ಸ್ಕ್ಯಾನ್, ಆಪರೇಷನ್ ಇಂಥವು ಎಲ್ಲರ ಬಾಯಲ್ಲೂ ಇರುವ ಪದಗಳು. ಡಾಕ್ಟರು ಪೂರ್ತಿ ವಾಕ್ಯಗಳನ್ನೇ ಇಂಗ್ಲಿಷಿನಲ್ಲಿ ಹೇಳಲು ಶುರು ಮಾಡಿದರೆ ಮಾತ್ರ ಭಾಷೆ ಬದಲಿಸಿ. ಪದಕ್ಕೊಮ್ಮೆ ಬದಲಿಸುತ್ತಾ ಕೂತರೆ ಎರಡೂ ಕೈತಪ್ಪುತ್ತವೆ.

ಕೊನೆಯ ರಕ್ಷಣೆ, ಹೇಳಿದ್ದನ್ನು ತಿರುಗಿ ಹೇಳುವುದು. ಏಳುವ ಮುಂಚೆ ರೋಗಿಯೇ ತನ್ನ ಮಾತಿನಲ್ಲಿ ಹೇಳಲಿ: ‘ಹಳೆಯ ಬಿಪಿ ಮಾತ್ರೆ ಹಾಗೇ ಇರಲಿ, ಹೊಸದು ರಾತ್ರಿ ಊಟ ಆದಮೇಲೆ ಒಂದು, ಹದಿನೈದು ದಿನ, ಆಮೇಲೆ ರಕ್ತಪರೀಕ್ಷೆ ಮಾಡಿಸಿ ಬರಬೇಕು. ಸರಿನಾ?’ ಡಾಕ್ಟರು ‘ಸರಿ’ ಎಂದು ತಲೆಯಾಡಿಸುವುದಕ್ಕೆ ಆ್ಯಪ್ ಬೇಕಿಲ್ಲ, ಕಣ್ಣು ಸಾಕು. ಇಪ್ಪತ್ತು ಸೆಕೆಂಡಿನ ಕೆಲಸ ಇದು. ಇದನ್ನು ಬಿಟ್ಟು ಬಂದರೆ ಮಿಕ್ಕೆಲ್ಲ ಶ್ರಮ ಅರ್ಧಕ್ಕೇ ನಿಂತಂತೆ.

ಒಂದೊಂದು ವಿಭಾಗಕ್ಕೆ ಒಂದೊಂದು ಎಚ್ಚರ

ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಎಲ್ಲ ಮಾತುಕತೆ ಕಣ್ಣಿಗೆ ಹನಿ ಹಾಕುವ ಮುಂಚೆಯೇ ಮುಗಿಯಬೇಕು. ಪಾಪೆ ಅಗಲಿಸುವ ಹನಿ ಬಿದ್ದ ಮೇಲೆ ಕೆಲವು ಗಂಟೆ ಹತ್ತಿರದ ಅಕ್ಷರ ಮಂಜಾಗುತ್ತದೆ, ಪರದೆ ಓದಲಾಗುವುದಿಲ್ಲ. ಪರೀಕ್ಷೆಯ ಕೋಣೆ ಬೇರೆ ಕತ್ತಲು. ‘ಮೇಲೆ ನೋಡಿ, ಕೆಳಗೆ ನೋಡಿ’ ಎಂಬುದಕ್ಕೆ ಹೆಗಲು ತಟ್ಟುವ ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಆಮೇಲೆ ಹೇಳುವುದೇನಾದರೂ ಇದ್ದರೆ ಬರೆದುಕೊಡಲಿ, ಸಂಜೆ ಓದಿಕೊಳ್ಳಬಹುದು.

ಎಂಆರ್‌ಐ ಕೋಣೆಗೆ ಫೋನೂ ಹೋಗುವಂತಿಲ್ಲ, ಹಿಯರಿಂಗ್ ಏಡೂ ಹೋಗುವಂತಿಲ್ಲ. ಒಳಗೆ ಸ್ಪೀಕರಿನಲ್ಲಿ ಹೇಳುವ ‘ಉಸಿರು ಹಿಡೀರಿ, ಬಿಡಿ’ ಯಾವುದೂ ಕಿವಿಗೆ ಬೀಳದು. ಟೆಕ್ನಿಷಿಯನ್‌ಗೆ ಮೊದಲೇ ತಿಳಿಸಿ, ಎಷ್ಟು ಹೊತ್ತು ಅಲ್ಲಾಡಬಾರದು, ಉಸಿರು ಹಿಡಿಯಬೇಕಾದಲ್ಲಿ ಏನು ಸನ್ನೆ, ಗಾಬರಿಯಾದರೆ ಕರೆಯಲೆಂದು ಕೈಗೆ ಕೊಟ್ಟ ಮೆತ್ತನೆ ಗುಂಡನ್ನು ಹಿಸುಕಬೇಕು ಎಂಬುದನ್ನು ಹೊರಗೇ ಪರದೆಯ ಮೇಲೆ ಓದಿಸಿಕೊಳ್ಳಿ. ಏಡ್ ಇಡಲು ಹೆಸರು ಬರೆದ ಸಣ್ಣ ಡಬ್ಬಿ ಒಯ್ಯಿರಿ. ಕಾಗದದಲ್ಲಿ ಸುತ್ತಿಟ್ಟ ಏಡ್ ಕಸದ ಬುಟ್ಟಿ ಸೇರುವುದು ಬಹಳ ಸುಲಭ. ಆಪರೇಷನ್ ಥಿಯೇಟರಿಗೂ ಇದೇ ಕ್ರಮ. ಎಚ್ಚರವಾಗುವಾಗ ಏಡ್ ಹತ್ತಿರ ಇರಬೇಕೆಂದು ಫೈಲಿನ ಮೇಲೆ ಬರೆಸಿ.

ಮೂತ್ರದ ತೊಂದರೆ, ಸ್ತ್ರೀರೋಗ, ಮನೋವೈದ್ಯರು: ಇಲ್ಲಿ ಆ್ಯಪಿನ ಬೆಲೆ ಬೇರೆಯೇ. ಮಗನ ಮೂಲಕ ಹೇಳಲಾಗದ, ಸೊಸೆಯ ಮುಂದೆ ಕೇಳಲಾಗದ ಮಾತುಗಳಿರುತ್ತವೆ. ಮನೆಯವರು ಐದು ನಿಮಿಷ ಹೊರಗೆ ಕೂತು, ಅಮ್ಮ ಒಬ್ಬರೇ ಪರದೆ ಓದಿಕೊಂಡು ಡಾಕ್ಟರಿಗೆ ಉತ್ತರ ಕೊಡಲು ಬಿಡಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಆ್ಯಪಿನಲ್ಲೇ ಟೈಪ್ ಮಾಡಿ ತೋರಿಸುವ ಸೌಲಭ್ಯವೂ ಇದೆ.

ಗೋಪ್ಯತೆ, ಬದಲಿ ದಾರಿಗಳು

ದನಿಯನ್ನು ಸರ್ವರಿನಲ್ಲಿ ಉಳಿಸಿಕೊಳ್ಳುವುದಿಲ್ಲ, ಬರಹ ಫೋನಿನಲ್ಲೇ ಇರುತ್ತದೆ ಎಂದು ಗೂಗಲ್ ಹೇಳುತ್ತದೆ. ದನಿ ಫೋನಿಂದ ಹೊರಗೆ ಹೋಗಿ ಬರುತ್ತದೆ ಎಂಬುದಂತೂ ನಿಜ. ಅದು ಇಷ್ಟವಿಲ್ಲದವರು ಕಾಗದ-ಪೆನ್ನನ್ನೇ ನೆಚ್ಚಿಕೊಳ್ಳಬೇಕು. ಉಳಿಸಿದ ಬರಹದಿಂದ ಬೇಕಾದ ಭಾಗವನ್ನು ನಕಲು ಮಾಡಿ ಮಕ್ಕಳಿಗೆ ಕಳಿಸಬಹುದು. ಊರಾಚೆ ಇರುವ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದರೆ ಅದನ್ನು ಡಾಕ್ಟರು ಬರೆದುಕೊಟ್ಟ ಚೀಟಿಯ ಜೊತೆ ಹೋಲಿಸದೆ ‘ಡಾಕ್ಟರು ಹೀಗಂದರು’ ಎಂದು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ.

ಓದಲು ಕಷ್ಟಪಡುವವರಿಗೆ, ಕಿವಿ ಸ್ವಲ್ಪ ಮಾತ್ರ ಮಂದವಾದವರಿಗೆ ಗೂಗಲ್‌ನದೇ ‘ಸೌಂಡ್ ಆ್ಯಂಪ್ಲಿಫೈಯರ್’ ಮೇಲು. ಲೈವ್ ಟ್ರಾನ್ಸ್‌ಕ್ರೈಬ್ ಜೊತೆಗೇ 2019ರಲ್ಲಿ ಬಂದದ್ದು. ಫೋನ್ ಹಿಡಿದ ದನಿಯನ್ನು ಇಯರ್‌ಫೋನಿಗೆ ಏರಿಸಿ ಕೊಡುತ್ತದೆ, ತಂತಿಯ ಇಯರ್‌ಫೋನ್ ಹಾಕಿದರೆ ತಡವಾಗದೆ ಕೇಳುತ್ತದೆ. ಬದಲಿ ಏನೇ ಇರಲಿ, ಶ್ರವಣ ಪರೀಕ್ಷೆಯೇ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೇಳಿಸದವರೂ ಇರುತ್ತಾರೆ. ಅವರಿಗೆ ಬೇಕಾದದ್ದು ಆ್ಯಪ್ ಅಲ್ಲ, ಇಎನ್‌ಟಿ ಡಾಕ್ಟರ ಹತ್ತು ನಿಮಿಷ.

ಎರಡೂ ಕಿವಿಯಲ್ಲಿ ಮಾತಿನ ಆವರ್ತನಗಳಿಗೆ 60 ಡೆಸಿಬೆಲ್ ಅಥವಾ ಹೆಚ್ಚು ನಷ್ಟವಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದರ 25ನೇ ಕಲಮು ತಪಾಸಣೆ, ಚಿಕಿತ್ಸೆಯಲ್ಲಿ ಆದ್ಯತೆಯ ಮಾತಾಡುತ್ತದೆ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್) ಇರುವವರು ಅದನ್ನು ನೋಂದಣಿ ಕೌಂಟರಿನಲ್ಲೇ ತೋರಿಸಿ. ಡಾಕ್ಟರ ಕೋಣೆಯಲ್ಲಿ ಇನ್ನೂ ಐದು ನಿಮಿಷ ಬೇಕು ಎಂದು ಕೇಳುವಾಗ ಬೆನ್ನಿಗೊಂದು ಬಲವಿರುತ್ತದೆ.

ಡಾಕ್ಟರ ಕೋಣೆಯಿಂದ ಹೊರಬಿದ್ದ ಮೇಲೆ ಫೋನ್ ಜೇಬಿಗಿಡಬೇಡಿ. ಔಷಧದ ಅಂಗಡಿಯಲ್ಲಿ ಗಾಜಿನ ಆಚೆಯಿಂದ, ಸಣ್ಣ ಕಿಂಡಿಯ ಮೂಲಕ, ನಾಲ್ಕು ಜನರ ನಡುವೆ ಹೇಳುವ ಮಾತು ಕಿವಿಗೂ ಕಷ್ಟ, ಮೈಕಿಗೂ ಕಷ್ಟ. ಅಲ್ಲಿ ಕಾಲರ್ ಮೈಕನ್ನು ಕಿಂಡಿಯ ಹತ್ತಿರ ಹಿಡಿದರೆ ‘ಈ ಕಂಪನಿಯದು ಇಲ್ಲ, ಬೇರೆ ಕೊಡಲಾ?’ ಎಂಬ ಪ್ರಶ್ನೆಯಾದರೂ ಪರದೆಗೆ ಬರುತ್ತದೆ. ಬೇರೆ ಕೊಟ್ಟರೆ ಸ್ಟ್ರಿಪ್ಪಿನ ಮೇಲಿನ ಜೆನೆರಿಕ್ ಹೆಸರು, ಮಿಲಿಗ್ರಾಂ ಎರಡನ್ನೂ ಚೀಟಿಯ ಪಕ್ಕ ಇಟ್ಟು ನೋಡಿ. ಒಂದು ಮಾರ್ಕರ್ ಪೆನ್ ಒಯ್ದಿರಿ. ಪ್ರತಿ ಔಷಧದ ಕವರಿನ ಮೇಲೆ ಬೆಳಿಗ್ಗೆ, ರಾತ್ರಿ, ಊಟಕ್ಕೆ ಮುಂಚೆ, ಊಟ ಆದಮೇಲೆ ಎಂದು ಕನ್ನಡದಲ್ಲಿ ಅಂಗಡಿಯವರ ಕೈಯಲ್ಲೇ ಬರೆಸಿಕೊಂಡು ಹೊರಡಿ.